ಸಂಪಾದಕರ ಉತ್ತರ: ಸಂಘದ ಆಫೀಸಿನಲ್ಲಿ ಕೂರುವವರು ಯಾರು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ತಂದೆಗೆ ಮೆಡಿಕಲ್ ಶಾಪ್ ಇದೆ. ವರ್ಷಾ ವರ್ಷಾ ಸಂಘಕ್ಕೆ ಚಂದಾ ಕಟ್ಟುತ್ತಾರೆ. ನಾನು ಬಿ.ಫಾರ್ಮ ಮುಗಿಸುತ್ತಿದ್ದೇನೆ. ಔಷಧ ಸಂಘಗಳಲ್ಲಿ ನಿಜವಾಗಿ ಕೆಲಸ ಮಾಡುವವರು ಯಾರು? ನನ್ನಂಥವರಿಗೆ ಅಲ್ಲಿ ಜಾಗ ಇದೆಯಾ?"

ಜಾಗ ಇದೆ. ಆದರೆ ಎಲ್ಲ ಸಂಘಗಳಲ್ಲೂ ಒಂದೇ ಥರ ಇಲ್ಲ.

ನಿಮ್ಮ ತಂದೆಯವರದು ಅಂಗಡಿಯವರ ಸಂಘ. ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಹತ್ತುತ್ತಾ ಮುಂಬೈನ ಎಐಒಸಿಡಿ, ಅಂದರೆ ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆ, ಅದರ ತನಕ ಹೋಗುತ್ತದೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಚುನಾವಣೆಯಲ್ಲಿ ಗೆದ್ದು ಬಂದ ಔಷಧ ವ್ಯಾಪಾರಿಗಳೇ. ಆನ್‌ಲೈನ್ ಮಾರಾಟದ ವಿರುದ್ಧ 2018ರ ಸೆಪ್ಟೆಂಬರ್ 28ರಂದು ದೇಶದ ತುಂಬಾ ಬಂದ್‌ಗೆ ಕರೆ ಕೊಟ್ಟಿದ್ದು ಇದೇ ಸಂಘಟನೆ. ಜನಬಲ ಜಾಸ್ತಿ. ಸಂಬಳದ ಸಿಬ್ಬಂದಿ ಕಡಿಮೆ.

ತಯಾರಕರ ಸಂಘಗಳ ರೀತಿ ಬೇರೆ. 1961ರಲ್ಲಿ ಹುಟ್ಟಿದ, ಭಾರತೀಯ ತಯಾರಕರ ಐಡಿಎಂಎ, ವಿದೇಶಿ ಕಂಪನಿಗಳು ಹೆಚ್ಚಾಗಿರುವ ಒಪಿಪಿಐ, ದೊಡ್ಡ ಭಾರತೀಯ ಕಂಪನಿಗಳದಾದ 1999ರ ಐಪಿಎ, ಹೀಗೆ ಹಲವು ಇವೆ. ಬೆಂಗಳೂರಿನಲ್ಲಿ ನಮ್ಮ ರಾಜ್ಯದ ತಯಾರಕರದೂ ಒಂದಿದೆ. ದೊಡ್ಡ ಸಂಘಗಳಲ್ಲಿ ಅಧ್ಯಕ್ಷರು ಯಾವುದೋ ಸದಸ್ಯ ಕಂಪನಿಯವರು, ಅವಧಿ ಮುಗಿದ ಮೇಲೆ ಬದಲಾಗುತ್ತಾರೆ. ಆಫೀಸು ನಡೆಸುವವರು ಸಂಬಳ ಪಡೆಯುವ ಸೆಕ್ರೆಟರಿ ಜನರಲ್ ಅಥವಾ ಡೈರೆಕ್ಟರ್ ಜನರಲ್, ಮತ್ತು ಅವರ ಕೈಕೆಳಗಿನವರು. ಹಳೆಯ ಫೈಲಿನಲ್ಲಿ ಏನಿದೆ ಅನ್ನುವುದು ಗೊತ್ತಿರುವುದು ಇವರಿಗೇ.

ಒಂದು ಕೆಲಸ ನೋಡಿ. ಔಷಧ ಬೆಲೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಪಿಪಿಎ ಒಂದು ಮಾತ್ರೆಗೆ ಗರಿಷ್ಠ ಬೆಲೆ ಗೊತ್ತುಮಾಡಿ ಆದೇಶ ಹೊರಡಿಸುತ್ತದೆ. ಶೇ 1ಕ್ಕೆ ಕಡಿಮೆಯಿಲ್ಲದ ಮಾರುಕಟ್ಟೆ ಪಾಲಿರುವ ಬ್ರ್ಯಾಂಡ್‌ಗಳ ಸರಾಸರಿ ಬೆಲೆ ತೆಗೆದು, ಅದರ ಮೇಲೆ ಅಂಗಡಿಯವರ ಮಾರ್ಜಿನ್ ಶೇ 16 ಸೇರಿಸುವ ಲೆಕ್ಕ ಅದು. ಲೆಕ್ಕ ತಪ್ಪಿದೆ ಅನಿಸಿದರೆ ಮರುಪರಿಶೀಲನೆಗೆ ಅರ್ಜಿ ಹಾಕಲು ಇರುವುದು 15 ದಿನ ಮಾತ್ರ. ಆದೇಶವನ್ನು ಅವತ್ತೇ ಓದಿ, ಎಷ್ಟು ಮಿಲಿಗ್ರಾಂ, ಯಾವ ಪ್ಯಾಕ್ ಅಂತ ಬಿಡಿಸಿ, ಸದಸ್ಯರಿಗೆ ಸರ್ಕ್ಯುಲರ್ ಕಳಿಸುವವರು ಒಬ್ಬರು ಬೇಕು. ಇಡೀ ದಿನ ಕೌಂಟರ್‌ನಲ್ಲಿ ನಿಂತವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅದಕ್ಕೇ ದೆಹಲಿಯ ಸಭೆಗಳಿಗೆ ದೊಡ್ಡ ಕಂಪನಿಗಳು ಕಾಗದ ಪತ್ರ ಸಿದ್ಧಮಾಡಿಕೊಂಡು ಹೋಗುತ್ತವೆ, ಸಣ್ಣವರು ಬರೀ ಬೇಡಿಕೆ ಹಿಡಿದುಕೊಂಡು ಹೋಗುತ್ತಾರೆ. ನನಗೆ ಇದು ತುಂಬಾ ನೋವಿನ ವಿಷಯ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಹೊಸ ಸ್ಟಾಕಿಸ್ಟ್ (ಸಗಟು ವಿತರಕ) ನೇಮಿಸುವ ಮುಂಚೆ ಕಂಪನಿಗಳು ಸಂಘದ ಎನ್‌ಒಸಿ, ಅಂದರೆ ನಮ್ಮ ಆಕ್ಷೇಪವಿಲ್ಲ ಅನ್ನುವ ಪತ್ರ, ತರಬೇಕು ಅನ್ನುವ ಪದ್ಧತಿ ಇತ್ತು. ಅದು ಸ್ಪರ್ಧೆಗೆ ಅಡ್ಡಿ ಎಂದು ಭಾರತೀಯ ಸ್ಪರ್ಧಾ ಆಯೋಗ 2013ರಲ್ಲಿ ಎಐಒಸಿಡಿಗೆ 47 ಲಕ್ಷ ರೂಪಾಯಿಗೂ ಮೀರಿ ದಂಡ ಹಾಕಿತು. ಆಯೋಗ ಹೇಳಿದ್ದು ಸರಿ. ವ್ಯಾಪಾರಿಗಳು ಒಟ್ಟಾಗಬೇಕು, ಆದರೆ ಇನ್ನೊಬ್ಬ ವ್ಯಾಪಾರಿಯ ಬಾಗಿಲು ಮುಚ್ಚಲಿಕ್ಕಲ್ಲ. "ಇದು ಕಾನೂನಿಗೆ ಒಪ್ಪುವುದಿಲ್ಲ ಸಾರ್" ಅಂತ ಧೈರ್ಯವಾಗಿ ಹೇಳುವ, ಓದಿಕೊಂಡ ಒಬ್ಬರು ಪ್ರತಿ ಸಂಘದ ಆಫೀಸಿನಲ್ಲೂ ಇರಬೇಕು.

ಆ ಒಬ್ಬರು ನೀವಾಗಬಹುದು, ಅಲ್ವಾ? ಮೊದಲು ತಂದೆಯವರ ಹತ್ತಿರ ಸಂಘದ ಬೈಲಾ, ಹೋದ ವರ್ಷದ ಲೆಕ್ಕಪತ್ರ ಕೇಳಿ ಓದಿ. ಆಮೇಲೆ ಎನ್‌ಪಿಪಿಎಯ ಒಂದು ಬೆಲೆ ಆದೇಶ ತೆಗೆದುಕೊಂಡು, ಅರ್ಧ ಪುಟ ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಅದನ್ನು ಓದಿ ತಂದೆಯವರು ಯಾರನ್ನೂ ಕೇಳದೆ, ರ‍್ಯಾಕಿನಲ್ಲಿರುವ ಸ್ಟ್ರಿಪ್ಪಿನ ಎಂಆರ್‌ಪಿ ಸರಿಯಿದೆಯಾ ಅಂತ ಹೇಳಿದರೆ, ಅದೇ ಹಾಳೆಯನ್ನು ಕೆಲಸದ ಅರ್ಜಿಯ ಜೊತೆ ಲಗತ್ತಿಸಿ ಕಳಿಸಿ.