‘ಕಾಲ ನಿಂತ ಊರು’ ಕಳಿಸಿದವರಿಗೆ

ನಮಸ್ಕಾರ. ಇಂಗ್ಲೆಂಡಿನ ಲ್ಯಾವೆನ್‌ಹ್ಯಾಮ್ ಬಗ್ಗೆ ನೀವು ಕಳಿಸಿದ ಪ್ರವಾಸ ಬರಹ ತಲುಪಿತು. ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪಿಲ್ಲ. ಸಡ್‌ಬರಿಯಿಂದ ಬಸ್ಸಿನಲ್ಲಿ ಹೋಗುವಾಗ ಸಿಕ್ಕ ಮಳೆಯನ್ನು ಇಷ್ಟಪಟ್ಟು ಓದಿದೆ. ಆದರೂ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಸುಮ್ನೆ ‘ಸ್ಥಳಾಭಾವ’ ಅಂತ ಎರಡು ಸಾಲು ಬರೆದು ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. ನಿಮ್ಮ ಬರಹ ಓದಿ ನನಗೆ ಸಿಟ್ಟು ಬಂತು. ಅಂಥ ಊರಿನ ಹೊಸ್ತಿಲವರೆಗೆ ಹೋಗಿ, ಒಳಗೆ ಕಾಲಿಡದೆ ವಾಪಸ್ ಬಂದಿದ್ದೀರಿ.

ನಿಮ್ಮ ಮೊದಲ ಸಾಲು: ‘ಸಫೊಕ್ ಪ್ರಾಂತ್ಯದ ಈ ಪುಟ್ಟ ಹಳ್ಳಿಯಲ್ಲಿ ಕಾಲವೇ ನಿಂತುಬಿಟ್ಟಿದೆ.’ ತಲೆಬರಹವೂ ಅದೇ. ಈ ಮಾತನ್ನು ಹಂಪಿಯ ಬಗ್ಗೆ ಓದಿದ್ದೇನೆ, ಮೇಲುಕೋಟೆಯ ಬಗ್ಗೆ ಓದಿದ್ದೇನೆ, ವರ್ಷಕ್ಕೆ ಹತ್ತು ಬರಹಗಳಲ್ಲಾದರೂ ಓದುತ್ತೇನೆ. ಯಾವ ಊರಿಗೆ ಬೇಕಾದರೂ ಅಂಟಿಸಬಹುದಾದ ಚೀಟಿ ಇದು. ಲ್ಯಾವೆನ್‌ಹ್ಯಾಮ್‌ನಲ್ಲಿ ನಿಜಕ್ಕೂ ಏನಾಯಿತು ಅಂತ ನೀವು ಕೇಳಲೇ ಇಲ್ಲ. 1524ರ ತೆರಿಗೆ ಲೆಕ್ಕದಲ್ಲಿ ಅದು ಇಂಗ್ಲೆಂಡಿನ 14ನೇ ಶ್ರೀಮಂತ ಊರು. ಆಗ ಅದು ಹಣ ಓಡಾಡುವ ಪೇಟೆ. ವೋಡ್ ಎಂಬ ಗಿಡದ ಎಲೆಯಿಂದ ಬಣ್ಣ ಹಾಕಿದ ಅಲ್ಲಿನ ನೀಲಿ ಉಣ್ಣೆ ಬಟ್ಟೆ ಸಮುದ್ರ ದಾಟಿ ಮಾರಾಟವಾಗುತ್ತಿತ್ತು. ಅದೇ ಶತಮಾನ ಮುಗಿಯುವುದರೊಳಗೆ ಡಚ್ ನೇಕಾರರು ತಮ್ಮ ನಾಡಿನಿಂದ ತಪ್ಪಿಸಿಕೊಂಡು ಬಂದು ಕೋಲ್‌ಚೆಸ್ಟರ್‌ನಲ್ಲಿ ನೆಲೆಸಿದರು. ಅವರ ಬಟ್ಟೆ ಹಗುರ, ಬೆಲೆಯೂ ಕಡಿಮೆ. ಲ್ಯಾವೆನ್‌ಹ್ಯಾಮ್‌ನ ದಪ್ಪ ಬಟ್ಟೆಯನ್ನು ಕೇಳುವವರು ಕಡಿಮೆಯಾದರು. ಬೇರೆ ಪೇಟೆಗಳಲ್ಲಿ ಕೈಯಲ್ಲಿ ಹಣ ಇದ್ದವರು ಹಳೇ ಮರದ ಮನೆ ಕೆಡವಿ ಇಟ್ಟಿಗೆ ಮನೆ ಕಟ್ಟಿಸಿದರು. ಇಲ್ಲಿ ಬಹುಪಾಲು ಜನರಿಗೆ ಆ ಶಕ್ತಿ ಇರಲಿಲ್ಲ. ಮನೆಗಳು ಉಳಿದದ್ದು ಹಾಗೆ. ‘ಕಾಲ ನಿಂತಿದೆ’ ಅಂದ ಕೂಡಲೇ ಕೆಲಸ ಕಳೆದುಕೊಂಡ ಆ ನೇಕಾರರೆಲ್ಲ ಮಾಯವಾಗುತ್ತಾರೆ, ಅಲ್ವಾ?

ಎರಡನೇ ಪುಟದ ಸಾಲು: ‘ಸೊಟ್ಟ ಮನೆಗಳು ಬೆನ್ನು ಬಾಗಿದ ಅಜ್ಜಿಯರಂತೆ ಒಂದಕ್ಕೊಂದು ಒರಗಿ ನಿಂತಿವೆ.’ ಕೇಳಲು ಚೆಂದ. ಆದರೆ ಸುಳ್ಳು. ಅಜ್ಜಿಯ ಬೆನ್ನು ಬಾಗುವುದು ವಯಸ್ಸಾದ ಮೇಲೆ. ಈ ಮನೆಗಳು ಬಾಗತೊಡಗಿದ್ದು ಎಳೆ ವಯಸ್ಸಿನಲ್ಲೇ. ಒಣಗಿದ ಓಕ್ ಮರಕ್ಕೆ ಉಳಿ ಇಳಿಯುವುದು ಕಷ್ಟ. ಹಾಗಾಗಿ ಅಲ್ಲಿನ ಬಡಗಿಗಳು ಕಡಿದ ಮರ ಹಸಿ ಇರುವಾಗಲೇ ಕೊರೆದು, ಕೂಡಿಸಿ, ಮರದ ಗೂಟ ಹೊಡೆದು ಚೌಕಟ್ಟು ನಿಲ್ಲಿಸುತ್ತಿದ್ದರು. ನಡುವೆ ಕಡ್ಡಿ ಹೆಣೆದು, ಹುಲ್ಲು ಸಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದರು. ಜನ ಒಳಗೆ ಸಂಸಾರ ಮಾಡುತ್ತಿರುವಾಗಲೇ ಮರ ವರ್ಷಗಟ್ಟಲೆ ಒಣಗುತ್ತಾ, ಕುಗ್ಗುತ್ತಾ, ತಿರುಚಿಕೊಳ್ಳುತ್ತಿತ್ತು. ಹಾಗೆ ಕುಗ್ಗುವಾಗ ಕೀಲುಗಳು ಗೂಟವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡವು. ಸೊಟ್ಟಗಾದರೂ ಬೀಳದೆ 500 ವರ್ಷ ನಿಂತದ್ದರ ಗುಟ್ಟು ಅದರಲ್ಲೂ ಇದೆ. ಇಷ್ಟು ಒಳ್ಳೆಯ ಸಂಗತಿ ಕೈಗೆಟುಕುವಷ್ಟು ಹತ್ತಿರ ಇರುವಾಗ ಅಜ್ಜಿಯನ್ನು ಯಾಕೆ ಕರೆದಿರಿ?

ಅದರ ಮುಂದೆಯೇ ‘ಕಪ್ಪು ತೊಲೆಗಳ, ಬಿಳಿ ಗೋಡೆಗಳ ಮನೆಗಳು’ ಅಂತ ಬರೆದಿದ್ದೀರಿ. ನೀವೇ ಕಳಿಸಿದ ಫೋಟೋ ನೋಡಿ. ತೊಲೆಗಳು ಬೂದು ಬಣ್ಣಕ್ಕಿವೆ, ಬೆಳ್ಳಿಯ ಹಾಗೆ. ಕೆಲವು ಮನೆಗಳಿಗೆ ಮರದ ಮೇಲೂ ಸೇರಿಸಿ ಸುಣ್ಣ ಬಳಿದಿದ್ದಾರೆ. ಒಂದು ಗೋಡೆ ಗುಲಾಬಿ, ಇನ್ನೊಂದು ಕಾವಿ. ಕಣ್ಣೆದುರು ಇದ್ದದ್ದನ್ನು ಬಿಟ್ಟು ಕ್ಯಾಲೆಂಡರಿನಲ್ಲಿ ಕಂಡ ಇಂಗ್ಲೆಂಡನ್ನು ಬರೆದಿದ್ದೀರಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನಗಾಗ 23 ವರ್ಷ. ಒಂದು ವಾರಪತ್ರಿಕೆಗೆ ಸೇರಿದ ಹೊಸತು. ಮಲೆನಾಡಿನ ಒಂದು ತೊಟ್ಟಿ ಮನೆಯ ಬಗ್ಗೆ ಆರು ಪುಟ ಬರೆದು ಹಿರಿಯ ಸಂಪಾದಕರ ಮೇಜಿನ ಮೇಲಿಟ್ಟೆ. ‘ಗತವೈಭವ’ ಅನ್ನುವ ಪದ ಅದರಲ್ಲಿ ನಾಲ್ಕು ಕಡೆ ಇತ್ತು. ಅವರು ಯಾವುದನ್ನೂ ಹೊಡೆದುಹಾಕಲಿಲ್ಲ. ಒಂದು ಸಾಲಿನ ಕೆಳಗೆ ಗೆರೆ ಎಳೆದು ಕೇಳಿದರು: ‘ಮೆಟ್ಟಿಲು ಅರ್ಧಕ್ಕೇ ನಿಂತಿದೆ ಅಂತ ಬರೆದಿದ್ದೀಯಲ್ಲ, ಯಾಕೆ ನಿಂತಿದೆ?’ ನನಗೆ ಗೊತ್ತಿರಲಿಲ್ಲ. ‘ಹಾಗಾದ್ರೆ ಹೋಗಿ ಕೇಳಿಕೊಂಡು ಬಾ’ ಅಂದರು. ಮರುದಿನ ರಾತ್ರಿ ಬಸ್ಸು ಹತ್ತಿದೆ. ಆ ಮನೆಯ ಅಮ್ಮ ಅಡಿಕೆ ಸುಲಿಯುತ್ತಾ ಹೇಳಿದರು: ಗೇಣಿ ಜಮೀನೆಲ್ಲ ಕೈಬಿಟ್ಟ ಮೇಲೆ ಮಹಡಿಯನ್ನು ಬಿಚ್ಚಿ, ಮರ ಮಾರಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದರು. ‘ದುಡ್ಡಿದ್ದಿದ್ರೆ ಇದನ್ನೂ ಯಾವತ್ತೋ ಕೆಡವಿ ತಾರಸಿ ಹಾಕ್ತಿದ್ವಿ ಮಾರಾಯ’ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಹೊಗಳಿ ಬರೆದಿದ್ದ ಮನೆ ಅವರ ಪಾಲಿಗೆ ಬೇರೆಯೇ ಆಗಿತ್ತು. ಆರು ಪುಟ ಹರಿದು ಎರಡು ಪುಟ ಬರೆದೆ. ನಿಮ್ಮ ಬರಹ ಓದುವಾಗ ಆ ಅಮ್ಮನ ಮಾತೇ ಕಿವಿಯಲ್ಲಿತ್ತು.

ಈಗ ಚರ್ಚಿಗೆ ಬರೋಣ. ‘ಜನರ ಅಪಾರ ಭಕ್ತಿಯ ಸಂಕೇತವಾಗಿ ಗೋಪುರ ಮುಗಿಲು ಮುಟ್ಟಿದೆ’ ಅಂತೀರಿ. ಮುಗಿಲು ಬೇಡ, 141 ಅಡಿ ಅಂತ ಬರೆಯಿರಿ. ಒಂದು ಹಳ್ಳಿಯ ಚರ್ಚಿಗೆ 141 ಅಡಿ ಅಂದರೆ ಓದುಗರೇ ಬೆರಗಾಗುತ್ತಾರೆ. ಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಣ ಯಾರದು? ಒಬ್ಬರು ಊರಿನ ಒಡೆಯ, ಆಕ್ಸ್‌ಫರ್ಡ್‌ನ ಅರ್ಲ್ ಜಾನ್ ಡ ವಿಯರ್. 1485ರ ಬಾಸ್ವರ್ತ್ ಯುದ್ಧದಲ್ಲಿ, ಆ ಗೆಲುವಿನಿಂದ ಇಂಗ್ಲೆಂಡಿನ ರಾಜನಾದ ಹೆನ್ರಿ ಟ್ಯೂಡರ್‌ನ ಮುಂಚೂಣಿ ಸೇನೆ ನಡೆಸಿ ಗೆಲ್ಲಿಸಿದವನು. ಇನ್ನೊಬ್ಬರು ಬಟ್ಟೆ ವ್ಯಾಪಾರದಲ್ಲಿ ಬೆಳೆದ ಸ್ಪ್ರಿಂಗ್ ಮನೆತನದವರು. 1523ರಲ್ಲಿ ತೀರಿಕೊಂಡ ಥಾಮಸ್ ಸ್ಪ್ರಿಂಗ್ ಗೋಪುರ ಮುಗಿಸಲು ಉಯಿಲಿನಲ್ಲೇ ಹಣ ಬಿಟ್ಟಿದ್ದ. ಗೋಪುರದ ಬುಡದಲ್ಲಿ ಡ ವಿಯರ್ ಮನೆತನದ ನಕ್ಷತ್ರ ಕೆತ್ತಿದೆ. ತುದಿಯಲ್ಲಿ ಸ್ಪ್ರಿಂಗ್ ಮನೆತನದ ಲಾಂಛನ ಮತ್ತೆ ಮತ್ತೆ ಬರುತ್ತದೆ. ಯಾರು ಕೊಟ್ಟರು ಅಂತ ಕಲ್ಲೇ ಹೇಳುತ್ತಿರುವಾಗ ‘ಜನರು’ ಅಂದುಬಿಟ್ಟರೆ ಹೇಗೆ?

ಜನರು ಬರುವುದು ಮುಂದೆ. ಗೋಪುರದ ಕೆಲಸ 1525ರ ಹೊತ್ತಿಗೆ ಮುಗಿಯಿತು. ಅದೇ ವರ್ಷ ಆ ಹೆನ್ರಿಯ ಮಗ, ರಾಜ ಎಂಟನೇ ಹೆನ್ರಿ, ಫ್ರಾನ್ಸಿನ ಮೇಲೆ ಯುದ್ಧಕ್ಕೆಂದು ಹೊಸದಾಗಿ ಹಣ ಕೇಳಿದ. ಅಷ್ಟು ತೆತ್ತರೆ ಕೆಲಸ ಕೊಡಲಾಗದು ಅಂತ ಬಟ್ಟೆ ವ್ಯಾಪಾರಿಗಳು ನೇಕಾರರನ್ನು ಬಿಡಿಸಿದರು. ಲ್ಯಾವೆನ್‌ಹ್ಯಾಮ್‌ನಲ್ಲಿ ಸಾವಿರಾರು ಜನ ಸೇರಿದರು. ರಾಜನ ಕಡೆಯಿಂದ ಬಂದ ನಾರ್ಫೊಕ್‌ನ ಡ್ಯೂಕ್ ‘ನಿಮ್ಮ ನಾಯಕ ಯಾರು?’ ಅಂತ ಕೇಳಿದಾಗ, ಜಾನ್ ಗ್ರೀನ್ ಎಂಬಾತ ‘ನಮ್ಮ ನಾಯಕನ ಹೆಸರು ಬಡತನ’ ಅಂದನಂತೆ. ಅಂದಿನ ಚರಿತ್ರೆಕಾರರು ಬರೆದಿಟ್ಟ ಮಾತು ಇದು. ರಾಜ ಆ ವಸೂಲಿಯನ್ನು ಕೈಬಿಡಬೇಕಾಯಿತು. ಆ ಗೋಪುರದ ನೆರಳಿನಲ್ಲಿ ನೀವು ಅರ್ಧ ಗಂಟೆ ಕೂತಿದ್ದೆ ಅಂತ ಬರೆದಿದ್ದೀರಿ. ಅಲ್ಲಿ ಕೂತವರಿಗೆ ಈ ಮಾತು ಸಿಗಲಿಲ್ಲವಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಯಿತು.

ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ‘ಅವರು ಉಳಿಸಿಕೊಂಡರು, ನಮ್ಮವರಿಗೆ ಬುದ್ಧಿ ಬರುವುದು ಯಾವಾಗ?’ ಅಂತ ಬೈದಿದ್ದೀರಿ. ಅದೇ ಊರಿನ ಹಳೇ ಉಣ್ಣೆ ಮಂಟಪವನ್ನು 20ನೇ ಶತಮಾನದ ಶುರುವಿನಲ್ಲಿ ಕಳಚಿ ಬೇರೆ ಕಡೆಗೆ ಸಾಗಿಸಲು ಹೊರಟಿದ್ದರು. ಜನ ಗಲಾಟೆ ಮಾಡಿದ ಮೇಲೆ ತಂದು ಮತ್ತೆ ನಿಲ್ಲಿಸಿದರು. ಈಗ ಅದು ಸ್ವಾನ್ ಹೋಟೆಲಿನ ಭಾಗ. ನೀವು ಅಲ್ಲೇ ಟೀ ಕುಡಿದಿದ್ದೀರಿ!

ನಿಮ್ಮ ನಾಲ್ಕನೇ ಫೋಟೋದಲ್ಲಿ ಒಂದು ತೊಲೆ ಇದೆ. ಕೀಲಿನ ಪಕ್ಕದಲ್ಲಿ ಸಣ್ಣ ಗೀರುಗಳು, ರೋಮನ್ ಅಂಕಿಯ ಹಾಗೆ. ಬರಹದಲ್ಲಿ ಅದರ ಮಾತೇ ಇಲ್ಲ. ಯಾವ ತೊಲೆ ಯಾವ ಕಂಬಕ್ಕೆ ಕೂಡಬೇಕು ಅಂತ ಬಡಗಿಗಳು ಅಂಥ ಗುರುತು ಹಾಕಿಕೊಳ್ಳುತ್ತಿದ್ದರು. ಅದು ಯಾವ ಮನೆಯದು, ಅಲ್ಲಿ ಮೊದಲು ಯಾರಿದ್ದರು, ತಿಳಿದುಕೊಳ್ಳಿ. ಅಲ್ಲಿಂದ ಶುರುಮಾಡಿ ಮತ್ತೆ ಬರೆಯಿರಿ. ಮಳೆ ಇರಲಿ. ಮುಂದಿನ ತಿಂಗಳ 15ರೊಳಗೆ ಬಂದರೆ ದೀಪಾವಳಿ ಸಂಚಿಕೆಗೆ ಜಾಗ ಹಿಡಿದಿಡುತ್ತೇನೆ. ಆ ಫೋಟೋದ ದೊಡ್ಡ ಪ್ರತಿಯನ್ನೂ ಜೊತೆಗೆ ಕಳಿಸಿ.