ಪಿರಮಿಡ್ ಕಟ್ಟಿದವರು ಉತ್ತರವನ್ನು ಹೇಗೆ ಹಿಡಿದರು?

ಪ್ರಶ್ನೆ: ಈಜಿಪ್ಟಿನ ಮಹಾಪಿರಮಿಡ್ ಕರಾರುವಾಕ್ಕಾಗಿ ಉತ್ತರಕ್ಕೆ ನಿಂತಿದೆಯಂತೆ. ಧ್ರುವ ನಕ್ಷತ್ರ ನೋಡಿ ಕಟ್ಟಿದರೇ? ಆಕಾಶ ತೋರಿಸುವ ಆ್ಯಪಿನಲ್ಲಿ ನಾನೇ ಪರೀಕ್ಷಿಸಬಹುದೇ?

ಉತ್ತರ: ಇವತ್ತಿನ ಧ್ರುವ ನಕ್ಷತ್ರವನ್ನಂತೂ ನೋಡಿರಲಾರರು. ಭೂಮಿಯ ಅಕ್ಷ ಬುಗುರಿಯಂತೆ ತೂಗುತ್ತ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಸುಮಾರು 4,500 ವರ್ಷಗಳ ಹಿಂದೆ, ಈ ಪಿರಮಿಡ್ ಕಟ್ಟಿಸಿದ ಖುಫು ದೊರೆಯ ಕಾಲಕ್ಕೆ, ಆ ನಕ್ಷತ್ರ ಧ್ರುವಬಿಂದುವಿನಿಂದ (ಆಕಾಶವೆಲ್ಲ ಸುತ್ತುವಂತೆ ಕಾಣುವ ಉತ್ತರದ ನಡುಬಿಂದು) 20 ಡಿಗ್ರಿಗೂ ಹೆಚ್ಚು ದೂರವಿತ್ತು. ಹತ್ತಿರವಿದ್ದದ್ದು ಥುಬನ್ ಎಂಬ ನಕ್ಷತ್ರ. ಅದೂ ಒಂದು ಡಿಗ್ರಿಗಿಂತ ಹೆಚ್ಚು ಸರಿದಿತ್ತು.

ಒಂದು ಡಿಗ್ರಿ ಸಣ್ಣದಲ್ಲ. ಪಿರಮಿಡ್ಡಿನ ಬದಿ 230 ಮೀಟರ್. ಒಂದು ಡಿಗ್ರಿ ತಪ್ಪಿದರೆ ಅದರ ತುದಿ 4 ಮೀಟರ್ ಪಕ್ಕಕ್ಕೆ ಹೋಗುತ್ತದೆ. ನಿಜವಾಗಿ ತಪ್ಪಿರುವುದು ಸುಮಾರು 24 ಸೆಂಟಿಮೀಟರ್, ಅಂದರೆ ಒಂದು ಗೇಣು! ಬರೀ ಥುಬನ್ ನೋಡಿಕೊಂಡು ಇಷ್ಟು ನಿಖರತೆ ಸಾಧ್ಯವಿಲ್ಲ.

2000ದಲ್ಲಿ ಪ್ರಾಚೀನ ಈಜಿಪ್ಟಿನ ವಿದ್ವಾಂಸೆ ಕೇಟ್ ಸ್ಪೆನ್ಸ್ ಒಂದು ದಾರಿ ಸೂಚಿಸಿದರು. ಸಪ್ತರ್ಷಿಯ ವಸಿಷ್ಠ ಮತ್ತು ಲಘು ಸಪ್ತರ್ಷಿಯ ಕೊಚಾಬ್ ಎಂಬ ಎರಡು ನಕ್ಷತ್ರಗಳು ಆಗ ಧ್ರುವಬಿಂದುವಿನ ಎದುರುಬದುರು ಇದ್ದವು. ತೂಕದ ಗುಂಡಿನ ದಾರವನ್ನು ಇಳಿಬಿಟ್ಟು, ಎರಡೂ ಒಂದರ ಕೆಳಗೊಂದು ದಾರಕ್ಕೆ ಸೇರಿದ ಗಳಿಗೆಯಲ್ಲಿ ನೆಲಕ್ಕೆ ಗುರುತು ಹಾಕಿದರೆ ಉತ್ತರ ಸಿಕ್ಕಿತು. ತೊಡಕೆಂದರೆ, ಇದು ಸರಿಯಾಗಿ ಹೊಂದುವುದು ಕ್ರಿ.ಪೂ. 2467ರ ಆಸುಪಾಸಿನಲ್ಲಿ ಮಾತ್ರ. ಹತ್ತಿಪ್ಪತ್ತು ವರ್ಷ ಆಚೀಚೆಯಾದರೂ ರೇಖೆ ಓರೆಯಾಗುತ್ತದೆ. ಬೇರೆ ಪಿರಮಿಡ್‌ಗಳ ಓರೆಯೂ ಕಾಲಕ್ರಮದಲ್ಲಿ ಬದಲಾಗಿರುವುದೇ ಅವರ ಮುಖ್ಯ ಆಧಾರ. ವಾದ ಸೊಗಸಾಗಿದೆ, ಆದರೆ ತೀರ್ಮಾನವಾಗಿಲ್ಲ. ಸೂರ್ಯನ ನೆರಳಿನಿಂದಲೂ ಈ ಕೆಲಸ ಆಗುತ್ತದೆ. ಯಜ್ಞವೇದಿಯ ಅಳತೆ ಹೇಳುವ ನಮ್ಮ ಕಾತ್ಯಾಯನ ಶುಲ್ಬಸೂತ್ರದ ಶಂಕು (ಗೂಟ) ವಿಧಾನ ಅದೇ: ಗೂಟದ ಸುತ್ತ ವೃತ್ತ ಎಳೆದು, ಬೆಳಗ್ಗೆ ಮತ್ತು ಸಂಜೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಎರಡು ಜಾಗಗಳನ್ನು ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ.

ಪರೀಕ್ಷಿಸಲು ಆಕಾಶ ತೋರಿಸುವ ಸ್ಟೆಲೇರಿಯಮ್ ಆ್ಯಪ್ ಸಾಕು. ಸ್ಥಳ ಗಿಜಾ, 30 ಡಿಗ್ರಿ ಉತ್ತರ, 31 ಡಿಗ್ರಿ ಪೂರ್ವ. ಇಸವಿಯಲ್ಲಿ ಜೋಪಾನ: ಖಗೋಳ ಲೆಕ್ಕದಲ್ಲಿ ಸೊನ್ನೆ ವರ್ಷವಿದೆ, ಆದ್ದರಿಂದ ಕ್ರಿ.ಪೂ. 2467ಕ್ಕೆ −2466 ಎಂದು ಕೊಡಬೇಕು. ಬೇರೆ ಆ್ಯಪ್ ಬಳಸುವುದಾದರೆ ಅದೇ ಇಸವಿಗೆ ಹೋಗಿ ಉತ್ತರಕ್ಕೆ ತಿರುಗಿ. ಇವತ್ತಿನ ಧ್ರುವ ನಕ್ಷತ್ರ ಅಲ್ಲಾಡದೆ ನಿಂತಿದ್ದರೆ ಆ ಆ್ಯಪ್ ಅಯನಚಲನೆಯನ್ನು, ಅಂದರೆ ಅಕ್ಷದ ಆ ತೂಗಾಟವನ್ನು, ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ, ಅದನ್ನು ಬಿಡಿ.