ಮಾರಿಷಸ್‌ಗೆ ಹೋದ ಹಿರಿಯರ ಊರನ್ನು ಹುಡುಕುವುದು ಹೇಗೆ?

ನಿಮ್ಮ ಪತ್ನಿ ಮಾರಿಷಸ್‌ನ ತೆಲುಗು ಮನೆತನದವರು, ಅವರ ಹಿರಿಯರೊಬ್ಬರು ಕಬ್ಬಿನ ತೋಟದ ಕೂಲಿಗೆಂದು ಮದ್ರಾಸಿನಿಂದ ಹೋದವರು, ಅಷ್ಟು ಬಿಟ್ಟರೆ ಬೇರೇನೂ ಗೊತ್ತಿಲ್ಲ ಎಂದು ಬರೆದಿದ್ದೀರಿ. ನನ್ನ ಮಗಳನ್ನು ಕೊಟ್ಟಿರುವುದೂ ಅಂಥದೇ ಮನೆಗೆ. ಬೀಗರ ಊರನ್ನು ಹುಡುಕಲು ನಾವು ಎರಡು ವರ್ಷ ಓಡಾಡಿದ್ದೇವೆ.

ಮೊದಲು ಮದ್ರಾಸನ್ನು ಮನಸ್ಸಿನಿಂದ ತೆಗೆದುಹಾಕಿ. ಅದು ಹಡಗು ಹತ್ತಿದ ಬಂದರು. ನಮ್ಮ ಬಳ್ಳಾರಿ, ದಕ್ಷಿಣ ಕನ್ನಡಗಳೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು ಎಂದರೆ ಆ ಒಂದು ಹೆಸರಿನ ಹರವು ನಿಮಗೆ ತಿಳಿಯುತ್ತದೆ. ನಮ್ಮ ಬೀಗರ ಮನೆಯಲ್ಲಿ ಮೂರು ತಲೆಮಾರು ‘ನಮ್ಮ ಊರು ಮದ್ರಾಸು’ ಎಂದೇ ನಂಬಿದ್ದರು.

ಹೆಸರಿನ ಬೆನ್ನು ಹತ್ತಿದರೂ ದಾರಿ ತಪ್ಪುತ್ತದೆ. ಅಲ್ಲಿ ತಂದೆಯ ಹೆಸರೇ ಮುಂದಿನವರ ಕುಲನಾಮವಾಗಿಬಿಟ್ಟಿದೆ. ಬರೆದುಕೊಂಡ ಗುಮಾಸ್ತರಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಲಕ್ಷ್ಮಿ ‘ಲಚ್ಮಿ’ಯಾದಳು, ಮುನಿಸ್ವಾಮಿ ‘ಮೂನ್‌ಸಾಮಿ’ಯಾದ. ಒಂದೇ ಮನೆಯ ಅಣ್ಣತಮ್ಮಂದಿರ ಹೆಸರಿನ ಕಾಗುಣಿತವೂ ಬೇರೆ ಬೇರೆ ಇರುತ್ತದೆ. ನೀವು ಹುಡುಕಬೇಕಾದದ್ದು ಸಂಖ್ಯೆಯನ್ನು. 1834ರಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಆ ದ್ವೀಪಕ್ಕೆ ಹೋದರು. ಹೀಗೆ ಬಂದಿಳಿದ ಕೂಲಿಗಾರರಿಗೆ ಒಬ್ಬೊಬ್ಬರಿಗೂ ಒಂದು ವಲಸೆ ಸಂಖ್ಯೆ ಕೊಡುತ್ತಿದ್ದರು.

ಆ ಸಂಖ್ಯೆ ಸಿಗುವುದು ಮನೆಯ ಕಾಗದಗಳಲ್ಲಿ. ಪತ್ನಿಯ ಜನನ ಪತ್ರದಿಂದ ಹೊರಟು ಅವರ ತಂದೆ, ಅಜ್ಜ ಎಂದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಜನನ, ಮದುವೆ, ಮರಣದ ಪತ್ರಗಳನ್ನು ಅಲ್ಲಿನ ನಾಗರಿಕ ನೋಂದಣಿ ಕಚೇರಿಯಿಂದ ಪಡೆಯಬಹುದು. ಹಳೆಯ ಪತ್ರಗಳಲ್ಲಿ ವ್ಯಕ್ತಿಯ ಹೆಸರಿನ ಪಕ್ಕದಲ್ಲೇ ವಲಸೆ ಸಂಖ್ಯೆ ಬರೆದಿರುವುದುಂಟು. ಒಂದು ಮೆಟ್ಟಿಲನ್ನೂ ಹಾರಬೇಡಿ. ನಾವು ಅವಸರಪಟ್ಟು ಒಂದು ತಲೆಮಾರನ್ನು ಊಹೆಯಿಂದ ತುಂಬಿದೆವು. ಎಂಟು ತಿಂಗಳು ಬೇರೆ ಯಾರದೋ ಅಜ್ಜನನ್ನು ಹುಡುಕಿದೆವು.

ಸಂಖ್ಯೆ ಸಿಕ್ಕಿದ ಮೇಲೆ ಮಾರಿಷಸ್‌ನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಗೆ ಹೋಗಿ. ವಲಸೆಯ ಮೂಲ ದಾಖಲೆಗಳಿರುವುದು ಅಲ್ಲಿ. ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತು, ಜಾತಿ, ಜಿಲ್ಲೆ, ಹಳ್ಳಿ, ಹಡಗು, ಕಳುಹಿಸಿದ ತೋಟ, ಇವೆಲ್ಲ ಒಂದೇ ಸಾಲಿನಲ್ಲಿ ಸಿಗಬಹುದು. 1860ರ ದಶಕದ ನಡುವಿನಿಂದ ಭಾವಚಿತ್ರಗಳನ್ನೂ ತೆಗೆಯತೊಡಗಿದರು. ನಮ್ಮ ಹಿರಿಯರ ಚಿತ್ರ ಸಿಗಲಿಲ್ಲ. ಎಡ ಹುಬ್ಬಿನ ಮೇಲೆ ಗಾಯದ ಕಲೆ ಎಂಬ ಒಂದು ಮಾತಿತ್ತು. ತೋಟದಿಂದ ಓಡಿಹೋದರೆ ಹಿಡಿಯುವುದಕ್ಕೆ ಬರೆದಿಟ್ಟ ಗುರುತು ಅದು. ಅದನ್ನು ಓದಿ ಬೀಗರು ತಮ್ಮ ಹುಬ್ಬನ್ನು ಮುಟ್ಟಿಕೊಂಡರು.

ಹೆಂಗಸರಿಗೂ ಪ್ರತ್ಯೇಕ ಸಂಖ್ಯೆ ಇತ್ತು. ದಯವಿಟ್ಟು ಮುತ್ತಜ್ಜಿಯನ್ನೂ ಹುಡುಕಿ, ಅವರ ಊರು ಬೇರೆಯೇ ಇರಬಹುದು. ಎಲ್ಲರೂ ಗಂಡಸರ ಸಾಲನ್ನೇ ಹಿಡಿದು ಹೋಗುತ್ತಾರೆ, ಅರ್ಧ ವಂಶ ಕತ್ತಲಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. ಪತ್ನಿಯ ಮನೆಯ ಹಿರಿಯರನ್ನು ಮನೆದೇವರು ಯಾರು ಎಂದು ಕೇಳಿ. ಭಾಷೆ ಮರೆತವರೂ ದೇವರನ್ನು ಮರೆತಿರುವುದಿಲ್ಲ. ಮಾರಿಷಸ್‌ನ ತೆಲುಗರಲ್ಲಿ ಸಿಂಹಾದ್ರಿ ಅಪ್ಪನ್ನನ ಪೂಜೆ ಇಂದಿಗೂ ನಡೆಯುತ್ತದೆ. ಆ ದೇವರ ಸ್ಥಾನ ವಿಶಾಖಪಟ್ಟಣದ ಪಕ್ಕದ ಸಿಂಹಾಚಲ. ನಮ್ಮ ದಾಖಲೆಯಲ್ಲೂ ಜಿಲ್ಲೆ ‘ವಿಜಗಾಪಟಂ’, ಅಂದರೆ ವಿಶಾಖಪಟ್ಟಣ, ಎಂದೇ ಇತ್ತು. ಆದರೆ ಆ ಹಳೆಯ ಜಿಲ್ಲೆ ಈಗ ಹಲವು ಹೋಳಾಗಿದೆ. ನಮ್ಮ ಹಳ್ಳಿ ಸಿಕ್ಕಿದ್ದು 1979ರಲ್ಲಿ ರಚನೆಯಾದ ವಿಜಯನಗರಂ ಜಿಲ್ಲೆಯಲ್ಲಿ. ಹಳ್ಳಿಯ ಹೆಸರನ್ನು ಕಾಗದದಲ್ಲಿರುವಂತೆ ಹುಡುಕಬೇಡಿ. ತೆಲುಗು ಬಲ್ಲವರ ಮುಂದೆ ಗಟ್ಟಿಯಾಗಿ, ಹಲವು ಬಗೆಯಲ್ಲಿ ಓದಿ.

ಆ ಹಳ್ಳಿಯಲ್ಲಿ ನೆಂಟರು ಯಾರೂ ಸಿಗಲಿಲ್ಲ. ಆದರೆ ಹೋಗುವ ಬಸ್ಸಿನಲ್ಲಿ ನಿರ್ವಾಹಕ ಊರಿನ ಹೆಸರನ್ನು ಕೂಗಿದಾಗ ನಮ್ಮ ಬೀಗಿತ್ತಿ ಸೀಟಿನಿಂದ ಎದ್ದು ನಿಂತರು. ಅಷ್ಟು ದಿನ ನಾವೆಲ್ಲ ಅದನ್ನು ತಪ್ಪಾಗಿ ಉಚ್ಚರಿಸುತ್ತಿದ್ದೆವು. ಇನ್ನೊಮ್ಮೆ ಹೇಳಪ್ಪಾ ಎಂದು ಅವರು ಕೇಳಿಕೊಂಡರು. ಅವನು ಹೇಳಿದ.